ಒಂದೇ ಪ್ರಶ್ನೆಯನ್ನು ಹೊತ್ತ ಪುಟ್ಟ ಉಪಗ್ರಹಗಳು



ವಿಜ್ಞಾನದ ಮಾತು ಕನ್ನಡದಲ್ಲಿ ನಡೆಯಬೇಕು, ಅದು ವಿದ್ಯಾರ್ಥಿಗಳಿಗೆ ಮುಟ್ಟಬೇಕು ಎಂಬ ಆಶಯದಿಂದ ಹುಟ್ಟಿದ ದತ್ತಿ ಉಪನ್ಯಾಸ ಇದು. ಅದಕ್ಕೆ ತಕ್ಕಂತೆ ವಿದ್ಯಾರ್ಥಿಗಳ ಕೈಗೆಟುಕುವ ವಸ್ತುವೊಂದನ್ನೇ ಆರಿಸಿಕೊಂಡಿದ್ದೇನೆ. ಒಬ್ಬರೇ ಎತ್ತಿ ಮೇಜಿನ ಮೇಲಿಡಬಹುದಾದಷ್ಟು ಚಿಕ್ಕ ಉಪಗ್ರಹಗಳು ಬಾಹ್ಯಾಕಾಶದ ವಿಕಿರಣವನ್ನು ಹೇಗೆ ಅಳೆಯುತ್ತವೆ, ಆ ಅಳತೆಯಿಂದ ನಮಗೆ ಏನು ತಿಳಿದಿದೆ, ನಮ್ಮ ಕಾಲೇಜುಗಳು ಅದರಲ್ಲಿ ಏನು ಮಾಡಬಹುದು ಎಂಬುದು ಇಂದಿನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಚಿಕ್ಕದಾಗಿರುವುದು ಕೊರತೆಯಲ್ಲ. ಒಂದೇ ಒಂದು ಸ್ಪಷ್ಟ ಪ್ರಶ್ನೆಯನ್ನು ಹೊತ್ತು ಹೋದ ಪುಟ್ಟ ಉಪಗ್ರಹ, ಹತ್ತಾರು ವರ್ಷ ಬಗೆಹರಿಯದೆ ಉಳಿದಿದ್ದನ್ನೂ ಬಗೆಹರಿಸಬಲ್ಲದು.

ವಾತಾವರಣದ ಆಚೆ ಗಾಳಿಯಿಲ್ಲ, ನಿಜ. ಆದರೆ ಅಲ್ಲಿ ಏನೂ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ವಿದ್ಯುದಂಶ ಹೊತ್ತ ಕಣಗಳು ಮಹಾವೇಗದಲ್ಲಿ ಅಲ್ಲಿ ಸದಾ ಓಡಾಡುತ್ತಿರುತ್ತವೆ. ಇವು ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಸೌರಮಂಡಲದ ಹೊರಗಿನಿಂದ ಬರುವ ಕಾಸ್ಮಿಕ್ ಕಿರಣಗಳು. ಇವುಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ಎರಡನೆಯವು ಸೂರ್ಯನಲ್ಲಿ ಸ್ಫೋಟಗಳಾದಾಗ ಚಿಮ್ಮುವ ಕಣಗಳು. ಮೂರನೆಯವು ಭೂಮಿಯ ಕಾಂತಕ್ಷೇತ್ರದೊಳಗೆ ಸಿಕ್ಕಿಬಿದ್ದು ಉತ್ತರ ದಕ್ಷಿಣಗಳ ನಡುವೆ ತೂರಾಡುತ್ತ ಭೂಮಿಯನ್ನು ಸುತ್ತುವ ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳು. ನೆಲದ ಮೇಲಿರುವ ನಮ್ಮನ್ನು ವಾತಾವರಣವೂ ಕಾಂತಕ್ಷೇತ್ರವೂ ಸೇರಿ ಕಾಯುತ್ತವೆ. ಮೇಲಿರುವ ಗಗನಯಾತ್ರಿಗೆ, ಉಪಗ್ರಹದೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ, ಸೌರಫಲಕಕ್ಕೆ ಆ ರಕ್ಷಣೆ ಪೂರ್ತಿಯಾಗಿ ಸಿಗುವುದಿಲ್ಲ.

ಈ ಕಿರಣಗಳ ಸುಳಿವು ಮೊದಲು ಸಿಕ್ಕಿದ್ದು ಬಲೂನಿನಲ್ಲಿ. 1912ರ ಆಗಸ್ಟ್ 7ರಂದು ವಿಕ್ಟರ್ ಹೆಸ್ 5 ಕಿ.ಮೀ.ಗೂ ಹೆಚ್ಚು ಎತ್ತರಕ್ಕೆ ಏರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುತ್ತದೆ ಎಂದು ತೋರಿಸಿದರು. ವಿಕಿರಣ ನೆಲದಿಂದಲೇ ಬರುವುದಾಗಿದ್ದರೆ ಮೇಲೆ ಹೋದಂತೆ ಕಡಿಮೆಯಾಗಬೇಕಿತ್ತು. ಈ ಶೋಧಕ್ಕೆ 1936ರಲ್ಲಿ ಅವರಿಗೆ ನೊಬೆಲ್ ಬಂತು.

ಬೆಂಗಳೂರು ಈ ಕಥೆಯೊಳಗೆ ಬರುವುದು ಇಲ್ಲಿಂದ ಮುಂದೆ. ನಮ್ಮ ದಕ್ಷಿಣ ಭಾರತ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರದಲ್ಲಿದೆ. ಅಲ್ಲಿ ಕಾಂತಕ್ಷೇತ್ರವು ಕಡಿಮೆ ಶಕ್ತಿಯ ಕಾಸ್ಮಿಕ್ ಕಿರಣಗಳನ್ನು ಹಿಂದಕ್ಕೆ ತಿರುಗಿಸಿ, ಅತಿ ಹೆಚ್ಚು ಶಕ್ತಿಯವನ್ನು ಮಾತ್ರ ಒಳಬಿಡುತ್ತದೆ. ಆದ್ದರಿಂದ ಇಲ್ಲಿನ ಅಳತೆಗೆ ಎಲ್ಲಿಲ್ಲದ ಬೆಲೆ. 1939–40ರಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್ ತಮ್ಮ ಸಹೋದ್ಯೋಗಿಗಳಾದ ವಿಕ್ಟರ್ ನೆಹರ್ ಮತ್ತು ವಿಲಿಯಂ ಪಿಕರಿಂಗ್ ಅವರೊಡನೆ ಭಾರತಕ್ಕೆ ಬಂದು ಆಗ್ರಾ, ಪೇಶಾವರ ಮತ್ತು ಬೆಂಗಳೂರಿನಿಂದ ಉಪಕರಣ ಹೊತ್ತ ಬಲೂನುಗಳನ್ನು ಹಾರಿಸಿದರು. ಅದೇ ಹೊತ್ತಿಗೆ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆಗೆ ಅಡಿಪಾಯ ಹಾಕುತ್ತಿದ್ದರು. ತರುಣ ವಿಕ್ರಮ್ ಸಾರಾಭಾಯಿ ಅಲ್ಲಿಯೇ ಕಾಸ್ಮಿಕ್ ಕಿರಣಗಳನ್ನು ಎಣಿಸುವ ಕೆಲಸದಲ್ಲಿ ತೊಡಗಿದರು. ಮುಂದೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಿಂದ, 1965ರಲ್ಲಿ, ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೂ ಅಣುವಿಜ್ಞಾನಕ್ಕೂ ನಾಯಕತ್ವ ಕೊಟ್ಟ ಇಬ್ಬರೂ ಕಣ ಎಣಿಸುವ ವಿದ್ಯೆಯಿಂದಲೇ ಬಂದವರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಬೆಂಗಳೂರಿನಲ್ಲಿ ಬಲೂನು ಹಾರಿಸಿದ ಪಿಕರಿಂಗ್ ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಿರ್ದೇಶಕರಾದರು. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಅವರ ನೇತೃತ್ವದಲ್ಲೇ ಸಿದ್ಧವಾಯಿತು. 1958ರ ಜನವರಿ 31ರಂದು ಅದು ಮೇಲೇರಿತು. ಅದರ ತೂಕ ಸುಮಾರು 14 ಕೆ.ಜಿ. ಅದರೊಳಗಿದ್ದ ಮುಖ್ಯ ಉಪಕರಣ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವಾನ್ ಆಲನ್ ಅವರ ತಂಡ ಸಿದ್ಧಪಡಿಸಿದ ಒಂದು ಗೈಗರ್ ಕೌಂಟರ್. ಕಾಸ್ಮಿಕ್ ಕಿರಣಗಳನ್ನು ಎಣಿಸುವುದೇ ಅದರ ಕೆಲಸ.

ಉಪಗ್ರಹ ಕೆಳಮಟ್ಟದಲ್ಲಿದ್ದಾಗ ಕೌಂಟರ್ ನಿರೀಕ್ಷೆಯಂತೆಯೇ ಎಣಿಸಿತು. ಕಕ್ಷೆಯ ಎತ್ತರದ ಭಾಗಕ್ಕೆ, ಅಂದರೆ 2,000 ಕಿ.ಮೀ.ಗೂ ಮೇಲಕ್ಕೆ ಹೋದಾಗ ಎಣಿಕೆ ಸೊನ್ನೆಗೆ ಇಳಿಯಿತು. ಉಪಕರಣ ಕೆಟ್ಟಿತೇ? ಅಲ್ಲಿ ಕಾಸ್ಮಿಕ್ ಕಿರಣಗಳೇ ಇಲ್ಲವೇ? ದತ್ತಾಂಶವನ್ನು ಮುದ್ರಿಸಿಕೊಳ್ಳುವ ಸಾಧನ ಅದರಲ್ಲಿರಲಿಲ್ಲ. ಯಾವುದಾದರೂ ಭೂನಿಲ್ದಾಣದ ಮೇಲೆ ಹಾದುಹೋಗುವಾಗ ಸಿಕ್ಕಷ್ಟೇ ಸಂಕೇತ. ಹಾಗಾಗಿ ಚಿತ್ರ ತುಂಡು ತುಂಡಾಗಿತ್ತು. ಮಾರ್ಚ್ 26ರಂದು ಹಾರಿದ ಎಕ್ಸ್‌ಪ್ಲೋರರ್-3ರಲ್ಲಿ ಜಾರ್ಜ್ ಲಡ್ವಿಗ್ ರೂಪಿಸಿದ ಪುಟ್ಟ ಟೇಪ್ ರೆಕಾರ್ಡರ್ ಇತ್ತು. ಅದು ಇಡೀ ಸುತ್ತಿನ ಎಣಿಕೆಯನ್ನು ಹಿಡಿದಿಟ್ಟು ನಿಲ್ದಾಣದ ಮೇಲೆ ಬಂದಾಗ ಒಪ್ಪಿಸಿತು. ಮೇಲೇರುವಾಗ ಎಣಿಕೆ ಭರದಿಂದ ಏರುತ್ತದೆ, ಆಮೇಲೆ ಸೊನ್ನೆಯಾಗುತ್ತದೆ, ಇಳಿಯುವಾಗ ಮತ್ತೆ ಅದೇ ಏರಿಕೆ ಕಾಣಿಸಿಕೊಂಡು ಸಹಜಕ್ಕೆ ಮರಳುತ್ತದೆ. ಆಗ ವಿದ್ಯಾರ್ಥಿಯಾಗಿದ್ದ ಕಾರ್ಲ್ ಮ್ಯಾಕಿಲ್ವೇನ್ ಪ್ರಯೋಗಾಲಯದಲ್ಲಿ ಅದೇ ಬಗೆಯ ಕೌಂಟರ್ ಮೇಲೆ ಎಕ್ಸ್-ಕಿರಣ ಹಾಯಿಸಿ ನೋಡಿದರು. ಕಿರಣ ವಿಪರೀತವಾದಾಗ ಕೌಂಟರ್ ಎಣಿಸುವುದನ್ನೇ ನಿಲ್ಲಿಸಿತು. ಜಾತ್ರೆಯ ಬಾಗಿಲಲ್ಲಿ ಒಬ್ಬೊಬ್ಬರನ್ನೇ ಎಣಿಸುತ್ತಿದ್ದವನು ಜನರ ನುಗ್ಗಾಟಕ್ಕೆ ಸಿಕ್ಕಿ ಎಣಿಕೆ ಬಿಟ್ಟು ನಿಂತಂತೆ. ಸೊನ್ನೆಯ ಅರ್ಥ ಕಣಗಳಿಲ್ಲ ಎಂದಾಗಿರಲಿಲ್ಲ. ಎಣಿಸಲಾಗದಷ್ಟು ಕಣಗಳಿವೆ ಎಂದಾಗಿತ್ತು.

1958ರ ಮೇ 1ರಂದು ವಾನ್ ಆಲನ್ ಈ ಶೋಧವನ್ನು ವಾಷಿಂಗ್ಟನ್ನಿನಲ್ಲಿ ಪ್ರಕಟಿಸಿದರು. ಸೋವಿಯತ್ ಒಕ್ಕೂಟದ ಸೆರ್ಗೆಯ್ ವೆರ್ನೊವ್ 1957ರ ನವೆಂಬರಿನಲ್ಲಿಯೇ ಸ್ಪುಟ್ನಿಕ್-2ರಲ್ಲಿ ಕೌಂಟರ್‌ಗಳನ್ನು ಕಳುಹಿಸಿದ್ದರು. ಆದರೆ ಇಡೀ ಕಕ್ಷೆಯ ಚಿತ್ರ ಆಗ ಕೈಗೆ ಸಿಕ್ಕಿರಲಿಲ್ಲ. 1958ರ ಡಿಸೆಂಬರಿನಲ್ಲಿ, ಸುಮಾರು 6 ಕೆ.ಜಿ. ತೂಕದ ಪಯನಿಯರ್-3 ಒಂದು ಲಕ್ಷ ಕಿ.ಮೀ.ವರೆಗೆ ಹೋಗಿ ಬಿದ್ದುಬಂದಾಗ, ವಿಕಿರಣದ ಪಟ್ಟಿಗಳು ಎರಡಿವೆ ಎಂದು ಗೊತ್ತಾಯಿತು. ಒಳಪಟ್ಟಿಯ ವಿಶೇಷ ಹೆಚ್ಚು ಶಕ್ತಿಯ ಪ್ರೋಟಾನ್‌ಗಳು. ಹೊರಪಟ್ಟಿಯಲ್ಲಿ ಎಲೆಕ್ಟ್ರಾನ್‌ಗಳದೇ ಕಾರುಬಾರು. ಬಾಹ್ಯಾಕಾಶ ಯುಗದ ಮೊದಲ ದೊಡ್ಡ ವೈಜ್ಞಾನಿಕ ಶೋಧವನ್ನು ನಮಗೆ ಕೊಟ್ಟಿದ್ದು ಪುಟ್ಟ ಉಪಗ್ರಹವೇ.

ಪಟ್ಟಿಗಳನ್ನು ಕಂಡುಹಿಡಿದಾಯಿತು, ಇನ್ನೇಕೆ ಅಳೆಯಬೇಕು ಎಂದು ಯಾರಾದರೂ ಕೇಳಬಹುದು. ಅವು ನಿಂತ ನೀರಲ್ಲ ಎಂಬುದೇ ಉತ್ತರ. ಸೂರ್ಯನ ಒಂದು ಬಿರುಗಾಳಿಗೆ ಹೊರಪಟ್ಟಿ ಕೆಲವೇ ಗಂಟೆಗಳಲ್ಲಿ ಬರಿದಾಗಬಹುದು, ಅಥವಾ ಹಲವು ಪಟ್ಟು ತುಂಬಿಕೊಳ್ಳಬಹುದು. ಮನುಷ್ಯನೂ ಅದನ್ನು ಕೆಡಿಸಿದ್ದಾನೆ. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಅಣುಬಾಂಬನ್ನು ಸಿಡಿಸಿತು. ಆ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. ಅದರಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿದವು. ಮರುದಿನವೇ ಹಾರಿದ ಟೆಲ್‌ಸ್ಟಾರ್ ಸಂಪರ್ಕ ಉಪಗ್ರಹ ಆ ವಿಕಿರಣದ ಏಟು ತಿಂದು 1963ರ ಫೆಬ್ರವರಿಯಲ್ಲಿ ಮೌನವಾಯಿತು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1 ಕೂಡ ಹಾನಿಗೊಳಗಾಯಿತು.

ಇಂದು ಭೂಮಿಯ ಸುತ್ತ ಸಾವಿರಾರು ಉಪಗ್ರಹಗಳಿವೆ. ನಮ್ಮ ಹವಾಮಾನ ವರದಿ, ದಾರಿ ತೋರುವ ಫೋನು, ಮೀನುಗಾರನಿಗೆ ತಲುಪುವ ಎಚ್ಚರಿಕೆ ಎಲ್ಲಕ್ಕೂ ಅವೇ ಆಧಾರ. ಒಂದು ಕಣ ಚಿಪ್‌ನೊಳಗೆ ಹಾಯ್ದರೆ ಅಲ್ಲಿ ಬರೆದಿದ್ದ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು; ಉಪಗ್ರಹ ದಾರಿತಪ್ಪಲು ಅಷ್ಟು ಸಾಕಾದೀತು. ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳು ಉಪಗ್ರಹದ ಒಳಭಾಗದಲ್ಲಿ ಶೇಖರವಾಗಿ ಕೊನೆಗೊಮ್ಮೆ ಕಿಡಿಯಾಗಿ ಸಿಡಿಯುತ್ತವೆ. ದಕ್ಷಿಣ ಅಮೆರಿಕ ಮತ್ತು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಕಾಂತಕ್ಷೇತ್ರ ದುರ್ಬಲವಾಗಿದ್ದು ಒಳಪಟ್ಟಿ ಕೆಳಗೆ ಇಳಿದುಬರುತ್ತದೆ. ಹಬಲ್ ದೂರದರ್ಶಕ ಆ ಜಾಗವನ್ನು ಹಾದುಹೋಗುವಾಗ ವೀಕ್ಷಣೆ ನಿಲ್ಲಿಸುತ್ತದೆ. ನಮ್ಮ ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಸುಮಾರು 650 ಕಿ.ಮೀ. ಎತ್ತರದ ಕಕ್ಷೆ ಸೇರಿತು. ಸಮಭಾಜಕಕ್ಕೆ ಕೇವಲ 6 ಡಿಗ್ರಿ ವಾಲಿದ ಆ ಕಕ್ಷೆಯೂ ಈ ಪ್ರದೇಶದ ಅಂಚನ್ನು ಮುಟ್ಟುತ್ತದೆ. ಹಾಗಾಗಿ ಕಣಗಳ ಸಂಖ್ಯೆ ಏರಿದ ಕೂಡಲೇ ಎಚ್ಚರಿಸುವ ಪುಟ್ಟ ಕೌಂಟರ್ ಒಂದನ್ನು ಅದರಲ್ಲಿ ಇಡಲಾಗಿದೆ.

ಈಗ ಪುಟ್ಟ ಉಪಗ್ರಹಗಳಿಗೆ ಬರೋಣ. 1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಜೋರ್ಡಿ ಪುಯಿಗ್-ಸುಆರಿ ಮತ್ತು ಬಾಬ್ ಟ್ವಿಗ್ಸ್, ವಿದ್ಯಾರ್ಥಿಗಳು ತಮ್ಮ ಓದಿನ ಅವಧಿಯೊಳಗೇ ಉಪಗ್ರಹ ಕಟ್ಟಿ ಹಾರಿಸುವಂತಾಗಲೆಂದು ಒಂದು ಅಳತೆಯನ್ನು ಗೊತ್ತುಮಾಡಿದರು. ಉದ್ದ, ಅಗಲ, ಎತ್ತರ ಎಲ್ಲವೂ 10 ಸೆಂ.ಮೀ.; ತೂಕ ಸುಮಾರು 1 ಕೆ.ಜಿ. ಅದೇ ಕ್ಯೂಬ್‌ಸ್ಯಾಟ್. ಬೇಕಾದರೆ ಎರಡು ಮೂರು ಘನಗಳನ್ನು ಜೋಡಿಸಿಕೊಳ್ಳಬಹುದು. ಅಳತೆ ಎಲ್ಲರಿಗೂ ಒಂದೇ ಆಗಿದ್ದರಿಂದ, ದೊಡ್ಡ ಉಪಗ್ರಹ ಹೊತ್ತೊಯ್ಯುವ ಯಾವ ರಾಕೆಟ್ಟಿನಲ್ಲಾದರೂ ಉಳಿದ ಜಾಗದಲ್ಲಿ ಇವನ್ನು ಕೂರಿಸಬಹುದಾಯಿತು.

ವಿಕಿರಣ ಮಾಪನಕ್ಕೆ ಈ ಗಾತ್ರ ಹೇಳಿಮಾಡಿಸಿದ್ದು. ದೂರದ ನಕ್ಷತ್ರವನ್ನು ನೋಡಲು ದೊಡ್ಡ ಕನ್ನಡಿ ಬೇಕು, ಅದನ್ನು ಕುಗ್ಗಿಸಲಾಗದು. ಕಣವನ್ನು ಎಣಿಸಲು ಕಣವಿರುವಲ್ಲಿಗೆ ಹೋದರೆ ಸಾಕು. ಕೆಲವು ಸೆಂಟಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆ ಆ ಕೆಲಸ ಮಾಡುತ್ತದೆ. ಕಣ ಬಿಲ್ಲೆಯೊಳಗೆ ಹಾಯುವಾಗ ತನ್ನ ಶಕ್ತಿಯ ಒಂದಂಶವನ್ನು ಅಲ್ಲಿ ಬಿಡುತ್ತದೆ, ಅದರಿಂದ ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಬಿಲ್ಲೆಗಳನ್ನು ಒಂದರ ಹಿಂದೆ ಒಂದು ಇಟ್ಟರೆ, ಕಣ ಎಷ್ಟನೆಯದರವರೆಗೆ ತೂರಿತು, ಪ್ರತಿಯೊಂದರಲ್ಲಿ ಎಷ್ಟು ಶಕ್ತಿ ಬಿಟ್ಟಿತು ಎಂಬುದರಿಂದ ಅದು ಎಲೆಕ್ಟ್ರಾನೋ ಪ್ರೋಟಾನೋ, ಅದರ ಶಕ್ತಿ ಎಷ್ಟು ಎಂದು ಹೇಳಬಹುದು.

ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಸಿಎಸ್‌ಎಸ್‌ಡಬ್ಲ್ಯುಇ ಎಂಬ ಉಪಗ್ರಹ ಇದಕ್ಕೆ ಅತ್ಯುತ್ತಮ ಉದಾಹರಣೆ. ಮೂರು ಘನಗಳ ಗಾತ್ರ, ಸುಮಾರು 3 ಕೆ.ಜಿ. ತೂಕ. ಪ್ರಾಧ್ಯಾಪಕ ಕ್ಸಿನ್‌ಲಿನ್ ಲೀ ಅವರ ಮಾರ್ಗದರ್ಶನದಲ್ಲಿ 60ಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೇರೆ ಬೇರೆ ವರ್ಷಗಳಲ್ಲಿ ಅದರ ಮೇಲೆ ದುಡಿದರು. ಅದರ ಉಪಕರಣದ ಹೆಸರು ರೆಪ್ಟೈಲ್. ಸಾಲಾಗಿ ನಾಲ್ಕು ಸಿಲಿಕಾನ್ ಬಿಲ್ಲೆಗಳು, ಬದಿಯಿಂದ ನುಸುಳುವ ಕಣಗಳನ್ನು ತಡೆಯಲು ಟಂಗ್‌ಸ್ಟನ್ ಕವಚ, ಓರೆಯಾಗಿ ಬರುವವನ್ನು ತಡೆಯಲು ಟ್ಯಾಂಟಲಮ್ ಉಂಗುರಗಳು, ಬಾಯಿಗೆ ತೆಳು ಬೆರಿಲಿಯಂ ಹಾಳೆ. ಉಪಕರಣದ ತೂಕದಲ್ಲಿ ಹೆಚ್ಚಿನ ಪಾಲು ಈ ಕವಚದ್ದೇ. ಯಾವ ಕಣವನ್ನು ಎಣಿಸಬೇಕು ಎನ್ನುವಷ್ಟೇ ಯಾವುದನ್ನು ಎಣಿಸಬಾರದು ಎನ್ನುವುದೂ ಮುಖ್ಯವಾದ್ದರಿಂದ ಆ ತೂಕ ಸಾರ್ಥಕ. ಉಪಗ್ರಹವನ್ನು ತಿರುಗಿಸಲು ಅವರು ಇಂಧನವನ್ನೂ ಮೋಟಾರನ್ನೂ ಬಳಸಲಿಲ್ಲ. ಒಳಗೊಂದು ಅಯಸ್ಕಾಂತದ ಸರಳನ್ನು ಇಟ್ಟರು. ಉಪಗ್ರಹ ತಾನಾಗಿ ಭೂಕಾಂತ ಕ್ಷೇತ್ರದ ರೇಖೆಗೆ ಹೊಂದಿಕೊಂಡು ನಿಂತಿತು. ಸಿಕ್ಕಿಬಿದ್ದ ಕಣಗಳನ್ನು ನೋಡಲು ಉಪಕರಣಕ್ಕೆ ಬೇಕಾಗಿದ್ದೂ ಅದೇ ನಿಲುವು.

2012ರ ಸೆಪ್ಟೆಂಬರ್ 13ರಂದು ಅದು ಹಾರಿತು. ಕೆಲವೇ ತಿಂಗಳ ಕೆಲಸಕ್ಕೆಂದು ರೂಪಿಸಿದ ಉಪಗ್ರಹ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಅದರ ಸಂಕೇತಗಳನ್ನು ಹಿಡಿದು ಕಳುಹಿಸುವ ಕೆಲಸದಲ್ಲಿ ಹಲವು ದೇಶಗಳ ಹ್ಯಾಮ್ ರೇಡಿಯೊ ಹವ್ಯಾಸಿಗಳೂ ಕೈಜೋಡಿಸಿದರು.

ಆ ದತ್ತಾಂಶದಿಂದ ಬಗೆಹರಿದ ಪ್ರಶ್ನೆ ಯಾವುದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಸ್ಮಿಕ್ ಕಿರಣಗಳು ವಾತಾವರಣದ ಅಣುಗಳಿಗೆ ಬಡಿದಾಗ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಅವುಗಳಲ್ಲಿ ಕೆಲವು ಮತ್ತೆ ಮೇಲಕ್ಕೆ, ಬಾಹ್ಯಾಕಾಶಕ್ಕೆ ಹೋಗುತ್ತವೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ್ದರಿಂದ ಕಾಂತಕ್ಷೇತ್ರ ಅದನ್ನು ಹಿಡಿಯಲಾರದು. ಆದರೆ ಒಂಟಿ ನ್ಯೂಟ್ರಾನಿನ ಸರಾಸರಿ ಆಯುಸ್ಸು ಸುಮಾರು 15 ನಿಮಿಷ. ದಾರಿಯಲ್ಲೇ ಅದು ಒಡೆದು ಪ್ರೋಟಾನ್, ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಹುಟ್ಟಿದ ಕೂಡಲೇ ಕಾಂತಕ್ಷೇತ್ರ ಅವನ್ನು ಹಿಡಿದುಕೊಳ್ಳುತ್ತದೆ. ಪಟ್ಟಿಗಳು ಪತ್ತೆಯಾದ ಕಾಲದಲ್ಲಿಯೇ ಈ ವಿವರಣೆ ಬಂದಿತ್ತು. ಪ್ರೋಟಾನ್‌ಗಳ ಮಟ್ಟಿಗೆ ಅದನ್ನು ಎಲ್ಲರೂ ಒಪ್ಪಿದ್ದರು. ಎಲೆಕ್ಟ್ರಾನ್‌ಗಳ ಮಟ್ಟಿಗೆ ನೇರ ಸಾಕ್ಷಿ ಸುಮಾರು ಅರವತ್ತು ವರ್ಷ ಸಿಗಲಿಲ್ಲ.

ಸಾಕ್ಷಿ ಸಿಕ್ಕಿದ್ದು ಹೀಗೆ. ಒಳಪಟ್ಟಿಯ ತೀರ ಕೆಳ ಅಂಚಿನಲ್ಲಿರುವ ಎಲೆಕ್ಟ್ರಾನ್ ಪೂರ್ವಕ್ಕೆ ಸರಿಯುತ್ತ ಹೋಗಿ, ಕೆಲವೇ ಗಂಟೆಗಳಲ್ಲಿ ದಕ್ಷಿಣ ಅಟ್ಲಾಂಟಿಕ್ಕಿನ ದುರ್ಬಲ ವಲಯವನ್ನು ತಲುಪಿ, ಅಲ್ಲಿ ವಾತಾವರಣಕ್ಕೆ ಬಿದ್ದು ಇಲ್ಲವಾಗುತ್ತದೆ. ಆ ವಲಯ ದಾಟಿದ ಪೂರ್ವದಿಕ್ಕಿನಲ್ಲಿ ಅಂಥ ಎಲೆಕ್ಟ್ರಾನ್ ಕಾಣಲೇಬಾರದು. ಆದರೂ ರೆಪ್ಟೈಲ್ ಅಲ್ಲಿ ಸುಮಾರು 500 ಕಿಲೋ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಕಂಡಿತು. ಹಳೆಯವು ಉಳಿದಿರಲು ಸಾಧ್ಯವಿಲ್ಲದ ಕಡೆ ಕಂಡವು ಅಲ್ಲೇ ಆಗತಾನೇ ಹುಟ್ಟಿದವಾಗಿರಬೇಕು. ನ್ಯೂಟ್ರಾನ್ ಒಡೆತದ ಲೆಕ್ಕಾಚಾರಕ್ಕೆ ಅವುಗಳ ಶಕ್ತಿಯೂ ಸಂಖ್ಯೆಯೂ ಹೊಂದಿದವು. ಭೂಮಿಯ ಸಮೀಪದ ಬಾಹ್ಯಾಕಾಶದಲ್ಲಿ ನ್ಯೂಟ್ರಾನ್‌ಗಳ ಸಾಂದ್ರತೆಯನ್ನೂ ಅವರು ಇದರಿಂದ ಪಡೆದರು. ಉದ್ದ, ಅಗಲ, ಎತ್ತರ ಹತ್ತು ಹತ್ತು ಮೀಟರ್ ಇರುವ ಜಾಗದಲ್ಲಿ ಸರಾಸರಿ ಎರಡು ನ್ಯೂಟ್ರಾನ್ ಮಾತ್ರ! ಅಷ್ಟು ವಿರಳವಾದದ್ದರ ಲೆಕ್ಕವನ್ನು 3 ಕೆ.ಜಿ. ಉಪಗ್ರಹ ತಂದುಕೊಟ್ಟಿತು. 2017ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆ ಈ ಶೋಧವನ್ನು ಪ್ರಕಟಿಸಿತು. ಉಪಗ್ರಹದ ಕೆಲಸ ಮುಗಿದು ಆಗಲೇ ಮೂರು ವರ್ಷವಾಗಿತ್ತು.

ಚಿಕ್ಕದಾಗಿರುವುದರ ಇನ್ನೊಂದು ಬಲ ಜೋಡಿಯಾಗಿ ಹೋಗಬಹುದು ಎಂಬುದು. ಒಂದೇ ಉಪಗ್ರಹ ಹಾದುಹೋಗುವಾಗ ಎಣಿಕೆ ದಿಢೀರನೆ ಏರಿ ಇಳಿದರೆ, ಕಣಗಳ ಮಳೆ ಆ ಗಳಿಗೆಯಲ್ಲಿ ಬಂದು ನಿಂತಿತೋ, ಅಥವಾ ಸದಾ ಮಳೆ ಸುರಿಯುವ ಸಣ್ಣ ಜಾಗವೊಂದನ್ನು ಉಪಗ್ರಹ ದಾಟಿತೋ ಹೇಳಲಾಗದು. ಹಿಂದೆಯೇ ಇನ್ನೊಂದು ಬರುತ್ತಿದ್ದರೆ ಹೇಳಬಹುದು. ಮೊಂಟಾನಾ ಸ್ಟೇಟ್ ಮತ್ತು ನ್ಯೂಹ್ಯಾಂಪ್‌ಷೈರ್ ವಿಶ್ವವಿದ್ಯಾಲಯಗಳ ಫೈರ್‌ಬರ್ಡ್-2 ಜೋಡಿ 2015ರ ಜನವರಿ 31ರಂದು ಹಾರಿ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಸುರಿಯುವ ಎಲೆಕ್ಟ್ರಾನ್ ಮಳೆಯನ್ನು ಹೀಗೆಯೇ ಅಳೆಯಿತು. ಎಕ್ಸ್‌ಪ್ಲೋರರ್-1 ಹಾರಿದ ದಿನಕ್ಕೆ ಅಂದಿಗೆ ಸರಿಯಾಗಿ 57 ವರ್ಷ. ಲಾಸ್ ಏಂಜಲೀಸಿನ ವಿದ್ಯಾರ್ಥಿಗಳ ಎಲ್ಫಿನ್ ಜೋಡಿ 2018ರಿಂದ 2022ರವರೆಗೆ ಇದೇ ದಾರಿಯಲ್ಲಿ ನಡೆಯಿತು.

ಇಷ್ಟು ಹೇಳಿ ದೊಡ್ಡ ಉಪಗ್ರಹಗಳನ್ನು ಕಡೆಗಣಿಸಿದರೆ ಅನ್ಯಾಯವಾಗುತ್ತದೆ. 2012ರ ಆಗಸ್ಟ್ 30ರಂದು ಹಾರಿದ ವಾನ್ ಆಲನ್ ಪ್ರೋಬ್ಸ್ ಎಂಬ ಅವಳಿ ನೌಕೆಗಳು 2019ರವರೆಗೆ ಪಟ್ಟಿಗಳ ಒಳಹೊಕ್ಕು ಕಣ, ಕ್ಷೇತ್ರ, ಅಲೆ ಎಲ್ಲವನ್ನೂ ಒಟ್ಟಿಗೆ ಅಳೆದವು; ಕೆಲವು ವಾರ ಕಾಣಿಸಿಕೊಂಡ ಮೂರನೆಯ ಪಟ್ಟಿಯನ್ನೂ ಕಂಡವು. ರೆಪ್ಟೈಲ್ ಅವುಗಳ ಮೇಲಿದ್ದ ಉಪಕರಣದ್ದೇ ಸಂಕ್ಷಿಪ್ತ ರೂಪ. ದೊಡ್ಡದು ವಿಸ್ತಾರವನ್ನು ನೋಡುತ್ತದೆ, ಚಿಕ್ಕದು ಒಂದು ಬಿಂದುವಿನಲ್ಲಿ ನೆಟ್ಟ ನೋಟ ನೋಡುತ್ತದೆ. ಚಿಕ್ಕದಕ್ಕೆ ವಿದ್ಯುತ್ ಕಡಿಮೆ, ನೆಲಕ್ಕೆ ಕಳುಹಿಸಬಹುದಾದ ದತ್ತಾಂಶ ಕಡಿಮೆ, ಆಯುಸ್ಸೂ ಕಡಿಮೆ. ಆದ್ದರಿಂದಲೇ ಅದು ಹತ್ತು ಕೆಲಸ ಹೊತ್ತರೆ ಒಂದೂ ಆಗುವುದಿಲ್ಲ.

ಇನ್ನು ನಮ್ಮ ಮನೆಯ ಮಾತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಸಾರಾಭಾಯಿ ಅವರ ಬಳಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿ, ಅಮೆರಿಕದಲ್ಲಿ ಪಯನಿಯರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ಪಳಗಿ ಬಂದವರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದರಲ್ಲಿದ್ದ ಪ್ರಯೋಗಗಳು ಎಕ್ಸ್-ಕಿರಣ, ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣ, ಮೇಲ್ವಾತಾವರಣ ಇವುಗಳದು. ವಿದ್ಯುತ್ ಪೂರೈಕೆಯ ತೊಂದರೆಯಿಂದ ಅವು ಕೆಲವೇ ದಿನಗಳಲ್ಲಿ ನಿಂತವು. ಆದರೆ ದೇಶದ ಮೊದಲ ಉಪಗ್ರಹವೇ ಅಳೆಯಲೆಂದು ಹೋಗಿತ್ತು ಎಂಬುದನ್ನು ನಾವು ಮರೆಯಬಾರದು.

2010ರ ಜುಲೈ 12ರಂದು ಬೆಂಗಳೂರು, ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಟುಡ್‌ಸ್ಯಾಟ್, 1 ಕೆ.ಜಿ.ಗೂ ಕಡಿಮೆ ತೂಕದ್ದು, ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋಯಿತು. 2016ರ ಸೆಪ್ಟೆಂಬರ್ 26ರಂದು ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಹೋಯಿತು. ಎರಡರ ಗುರಿಯೂ ಭೂಮಿಯ ಚಿತ್ರ ತೆಗೆಯುವುದು. ಉಪಗ್ರಹ ಕಟ್ಟಲು ಬರುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು, ಅದಕ್ಕೆ ನಾವು ಋಣಿಗಳು. ಮುಂದಿನ ತಲೆಮಾರು ಒಂದು ಹೆಜ್ಜೆ ಮುಂದಿಡಬೇಕು. 2017ರ ಜೂನ್ 23ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ38ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಗಳ ಆಲ್ಟೊ-1 ಇತ್ತು, ಅದರಲ್ಲಿ ರ್‍ಯಾಡ್ಮನ್ ಎಂಬ ವಿಕಿರಣ ಮಾಪಕವಿತ್ತು. ಅವರ ಮಾಪಕವನ್ನು ಕಕ್ಷೆಗೆ ಮುಟ್ಟಿಸಿದ್ದು ನಮ್ಮ ರಾಕೆಟ್. 2022ರ ಫೆಬ್ರವರಿ 14ರಂದು ಹಾರಿದ, 8.1 ಕೆ.ಜಿ. ತೂಕದ ಇನ್‌ಸ್ಪೈರ್‌ಸ್ಯಾಟ್-1ರಲ್ಲಿ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯ ವಿದ್ಯಾರ್ಥಿಗಳು ಕೊಲರಾಡೊ, ಸಿಂಗಪುರ, ತೈವಾನಿನವರೊಡನೆ ಸೇರಿ ಅಯಾನುಗೋಳವನ್ನೂ ಸೂರ್ಯನ ಎಕ್ಸ್-ಕಿರಣವನ್ನೂ ಅಳೆಯಲು ಹೊರಟರು. ಇದು ನಮಗೆ ಮೇಲ್ಪಂಕ್ತಿ.

ನಮ್ಮ ಕಾಲೇಜುಗಳ ಮುಂದೆ ಮೂರು ಮಾತುಗಳನ್ನು ಇಡುತ್ತೇನೆ. ಮೊದಲನೆಯದು, ಉಪಗ್ರಹದ ಪೆಟ್ಟಿಗೆಗಿಂತ ಮುಂಚೆ ಪ್ರಶ್ನೆಯನ್ನು ಆರಿಸಿ. ಸಮಭಾಜಕದ ಮೇಲಿನ ಕೆಳಕಕ್ಷೆಯಲ್ಲಿ ಕಣಗಳ ಹಂಚಿಕೆ ಹೇಗಿದೆ, ಸೌರಬಿರುಗಾಳಿಯ ನಂತರ ಅದು ಹೇಗೆ ಬದಲಾಗುತ್ತದೆ ಎಂಬಂಥ ಒಂದೇ ಪ್ರಶ್ನೆ ಸಾಕು. ಎರಡನೆಯದು, ಮಾಪಕವನ್ನು ನೆಲದ ಮೇಲೆಯೇ ಚೆನ್ನಾಗಿ ಅರಿಯಿರಿ. ಗೊತ್ತಿರುವ ವಿಕಿರಣ ಮೂಲಗಳಿಗೆ ಒಡ್ಡಿ, ಎಣಿಕೆ ಎಲ್ಲಿ ಸೋಲುತ್ತದೆ ಎಂಬುದನ್ನು ಹಾರುವ ಮೊದಲೇ ಬರೆದಿಡಿ. ಹೊಸಕೋಟೆಯಿಂದ ಭಾರತೀಯ ಖಭೌತ ಸಂಸ್ಥೆಯವರು ಪುಟ್ಟ ಬಲೂನುಗಳನ್ನು ಹಾರಿಸಿದ್ದಾರೆ. ಅಂಥ ಹಾರಾಟಗಳಲ್ಲಿ ಮಾಪಕವನ್ನು ಪಳಗಿಸಬಹುದು. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗಪೀಠವಾಗಿಸುವ ಪೊಯೆಮ್ ಎಂಬ ಏರ್ಪಾಡು 2022ರಿಂದ ಇದೆ. ಇಡೀ ಉಪಗ್ರಹ ಕಟ್ಟದೆ, ಮಾಪಕವನ್ನಷ್ಟೇ ಕಳುಹಿಸಲು ಅದೊಂದು ದಾರಿ. ಮೂರನೆಯದು, ಹಾರಿಸಿದ ದಿನವೇ ಸಂಭ್ರಮ ಮುಗಿಯದಿರಲಿ. ಭೂನಿಲ್ದಾಣದಲ್ಲಿ ಪ್ರತಿವರ್ಷ ಹೊಸ ತಂಡ ಕೂರಬೇಕು, ದತ್ತಾಂಶವನ್ನು ಎಲ್ಲರಿಗೂ ತೆರೆದಿಡಬೇಕು, ಅದನ್ನು ಓದುವ ಭೌತವಿಜ್ಞಾನದ ವಿದ್ಯಾರ್ಥಿಗಳು ಎಂಜಿನಿಯರುಗಳ ಪಕ್ಕದಲ್ಲೇ ಇರಬೇಕು. ಕೊಲರಾಡೊದ ದತ್ತಾಂಶ ಫಲ ಕೊಟ್ಟಿದ್ದು ಉಪಗ್ರಹ ಸುಮ್ಮನಾದ ಮೂರು ವರ್ಷದ ಮೇಲೆ.

ಇದಕ್ಕೆ ಹಣ ಬೇಕು ನಿಜ. ಅದಕ್ಕಿಂತ ಹೆಚ್ಚಾಗಿ, ಒಂದು ಕಾಲೇಜು ಐದಾರು ವರ್ಷ ಒಂದೇ ಪ್ರಶ್ನೆಗೆ ಅಂಟಿಕೊಂಡಿರುವ ಹಟ ಬೇಕು. ಮೊದಲ ವರ್ಷದ ವಿದ್ಯಾರ್ಥಿ ಬೆಸುಗೆ ಹಾಕಿದ ವಿದ್ಯುನ್ಮಂಡಲದ ದತ್ತಾಂಶವನ್ನು ಮತ್ತಾವುದೋ ವರ್ಷದ ವಿದ್ಯಾರ್ಥಿನಿ ಬಿಡಿಸಿ ಓದುವಂಥ ವ್ಯವಸ್ಥೆಯನ್ನು ಕಟ್ಟಬೇಕಾದವರು ಈ ಸಭೆಯಲ್ಲಿರುವ ಅಧ್ಯಾಪಕರು ಮತ್ತು ಆಡಳಿತ ಮಂಡಳಿಗಳವರು. ಕರ್ನಾಟಕದ ಯಾವುದಾದರೂ ಒಂದು ಕಾಲೇಜು ಬರುವ ವರ್ಷವೇ ಸಿಲಿಕಾನ್ ಬಿಲ್ಲೆಯ ಪುಟ್ಟ ಮಾಪಕವೊಂದನ್ನು ಮೇಜಿನ ಮೇಲೆ ಕಟ್ಟಲು ಆರಂಭಿಸಲಿ, ಅದರ ಅಳತೆಗಳನ್ನು ಕನ್ನಡದಲ್ಲಿಯೂ ಬರೆದು ಪ್ರಕಟಿಸಲಿ ಎಂದು ಕೇಳಿಕೊಳ್ಳುತ್ತೇನೆ.